ಹೊಸ ಎಂಜಿನ್ ಕೊಳ್ಳುವ ಮುಂಚೆ ಇರುವ ದೋಣಿಯನ್ನು ಒಮ್ಮೆ ನೋಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕಡೆಯ ಒಂದು ಕೆರೆಯಲ್ಲಿ ರಕ್ಷಣೆಗೆ ಅಂತ ಇಟ್ಟಿರುವ ಮೋಟಾರ್ ದೋಣಿಗೆ ಸ್ಪೀಡ್ ಸಾಲದು, 25 ಎಚ್‌ಪಿ ಎಂಜಿನ್ ತೆಗೆದು 40 ಎಚ್‌ಪಿ ಹಾಕಿಸಬೇಕು ಅನ್ನುವ ಮಾತು ನಡೆಯುತ್ತಿದೆ. ಆ ದುಡ್ಡು ಖರ್ಚಾಗುವ ಮುಂಚೆ ನನಗೆ ಗೊತ್ತಿರುವುದನ್ನು ಹೇಳಿಬಿಡಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಬಂಗಾರಪೇಟೆ ತಾಲ್ಲೂಕಿನವನು. ಕೊಳವೆಬಾವಿ ಮೋಟಾರ್ ರಿಪೇರಿ ನನ್ನ ಕಸುಬು. ಅದಕ್ಕೂ ಮುಂಚೆ ಹನ್ನೊಂದು ವರ್ಷ ಮಲ್ಪೆಯಲ್ಲಿ ಇದ್ದೆ. ಅಲ್ಲಿ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂದೆ ಹೊರಗಡೆ ತಗುಲಿಸುವ ಎಂಜಿನ್, ಬಿಚ್ಚಿ ಜೋಡಿಸುವ ಕೆಲಸ ಮಾಡಿದ್ದೇನೆ.

ಕೋಲಾರದಲ್ಲಿ ದೋಣಿಗೇನು ಕೆಲಸ ಅಂತ ಬೇರೆ ಜಿಲ್ಲೆಯವರು ಕೇಳಬಹುದು. ವರ್ಷಪೂರ್ತಿ ಹರಿಯುವ ನದಿ ನಮಗೆ ಒಂದೂ ಇಲ್ಲ. ನಾವು ಚಿಕ್ಕವರಿದ್ದಾಗ ಕೆರೆ ಅಂದರೆ ಜಾಲಿ ಮುಳ್ಳಿನ ಬಯಲು, ಅದರಲ್ಲೇ ಕ್ರಿಕೆಟ್ ಆಡಿದವರು ನಾವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆ ತುಂಬುತ್ತಾ ಹೋಯಿತು. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಬಿದ್ದವು. ನೀರು ಬಂದದ್ದು ನಮ್ಮ ಪುಣ್ಯ. ಆದರೆ ನಮ್ಮ ಮಕ್ಕಳಿಗೆ ಈಜು ಬರುವುದಿಲ್ಲ. ಹಿಂದೆ ಮಣ್ಣು ತೆಗೆದ ಗುಂಡಿಗಳು ನೀರಿನಡಿ ಎಲ್ಲಿವೆ ಅಂತಲೂ ಗೊತ್ತಾಗುವುದಿಲ್ಲ. ಮೊಣಕಾಲುದ್ದ ಅಂತ ಇಳಿದವನು ಎರಡು ಹೆಜ್ಜೆಗೆ ಮುಳುಗುತ್ತಾನೆ. ಅದಕ್ಕೇ ದೋಣಿ ಬೇಕು, ಬೇಗ ಹೋಗುವ ದೋಣಿಯೇ ಬೇಕು.

ಈ ದೋಣಿ 14 ಅಡಿಯ ಫೈಬರ್ ದೋಣಿ. ಮಳೆಗಾಲಕ್ಕೆ ಮುಂಚೆ ಒಂದು ಅಣಕು ಕಾರ್ಯಾಚರಣೆ ನಡೆಯಿತು. ಏರಿಯ ಮೇಲೆ ನಿಂತು ನೋಡಿದೆ. ನಾಲ್ಕು ಜನ ಹತ್ತಿದರು, ಎಂಜಿನ್ ಪೂರ್ತಿ ಕೊಟ್ಟರು. ದೋಣಿಯ ಮೂತಿ ಆಕಾಶ ನೋಡಿತು, ಹಿಂಭಾಗ ನೀರಿನಲ್ಲಿ ಕೂತಿತು. ನಡೆಸುವ ಹುಡುಗನಿಗೆ ಎದುರಿಗೆ ಏನೂ ಕಾಣುತ್ತಿರಲಿಲ್ಲ. ಆಚೆ ದಡಕ್ಕೆ ಸುಮಾರು 800 ಮೀಟರ್, ಹೋಗುವುದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಅಂದರೆ ಗಂಟೆಗೆ 12 ಕಿ.ಮೀ. ಮುಳುಗುತ್ತಿರುವವನಿಗೆ ನಾಲ್ಕು ನಿಮಿಷ ಅಂದರೆ ಏನು ಅಂತ ನಾನು ಹೇಳಬೇಕಿಲ್ಲ ಅಲ್ವಾ? ಹುಡುಗ ಇಳಿದು ಬಂದು, ‘ಅಣ್ಣಾ, ಎಂಜಿನ್‌ಗೆ ದಮ್ಮಿಲ್ಲ’ ಅಂದ. ದಮ್ಮು ಇತ್ತು. ಅದು ಎಲ್ಲೆಲ್ಲೋ ಸೋರಿ ಹೋಗುತ್ತಿತ್ತು, ಅಷ್ಟೇ.

ಚಿಕ್ಕ ದೋಣಿ ಎರಡು ಥರ ಓಡುತ್ತದೆ. ನಿಧಾನಕ್ಕೆ ಹೋಗುವಾಗ ನೀರನ್ನು ತಳ್ಳಿಕೊಂಡು ಹೋಗುತ್ತದೆ. ಆಗ ತಾನೇ ಎಬ್ಬಿಸಿದ ಅಲೆ ಅದಕ್ಕೆ ಅಡ್ಡ ನಿಲ್ಲುತ್ತದೆ. 14 ಅಡಿಯ ದೋಣಿಗೆ ಈ ಅಡ್ಡಿ ಗಂಟೆಗೆ ಒಂಬತ್ತು, ಹತ್ತು ಕಿ.ಮೀ.ಗೇ ಎದುರಾಗುತ್ತದೆ. ಆ ಅಲೆಯನ್ನು ಹತ್ತಿ ದಾಟಿದರೆ ದೋಣಿ ಮೇಲೆದ್ದು ನೀರಿನ ಮೇಲೆ ಜಾರಿಕೊಂಡು ಓಡುತ್ತದೆ. ಚಪ್ಪಟೆ ಹೆಂಚಿನ ಚೂರನ್ನು ಓರೆಯಾಗಿ ಎಸೆದರೆ ಕುಪ್ಪಳಿಸಿಕೊಂಡು ಹೋಗುತ್ತದಲ್ಲ, ಹಾಗೆ. ಇದಕ್ಕೆ ಪ್ಲೇನಿಂಗ್ ಅಂತಾರೆ. ಮೂತಿ ಮೇಲಕ್ಕೆತ್ತಿ ಹಿಂದೆ ಕೂತ ದೋಣಿ ಆ ಅಲೆಯ ಮೇಲೆ ಅರ್ಧಕ್ಕೇ ಸಿಕ್ಕಿಕೊಂಡಿದೆ ಅಂತ ಅರ್ಥ. ನಮ್ಮ ದೋಣಿಯ ಪಾಡು ಇದೇ ಆಗಿತ್ತು.

ಅದರ ಉಸ್ತುವಾರಿಯವರು ಒಳ್ಳೆಯವರು, ನೋಡುತ್ತೇನೆ ಅಂದಾಗ ಬೇಡ ಅನ್ನಲಿಲ್ಲ. ಒಂದು ಶನಿವಾರ ಸಂಜೆ ದೋಣಿಯನ್ನು ದಡಕ್ಕೆಳೆದು, ಮೂತಿಗೆ ಕಲ್ಲು ಕೊಟ್ಟು ಎತ್ತಿ, ಹಿಂದಿನ ಬಿರಡೆ ತೆಗೆದು ಅಡಿಗೆ ಕ್ಯಾನ್ ಇಟ್ಟೆ. ಕಾಲಿಡುವ ನೆಲಕ್ಕೂ ದೋಣಿಯ ತಳಕ್ಕೂ ನಡುವೆ ಖಾಲಿ ಜಾಗ ಇರುತ್ತದೆ. ನೀರು ಅಲ್ಲಿ ಸೇರಿಕೊಂಡರೆ ಮೇಲಿನಿಂದ ಕಾಣುವುದಿಲ್ಲ. ಮೊದಲು ಕಂದು ಬಣ್ಣದ ನೀರು ಧಾರೆಯಾಗಿ ಬಂತು. ಆಮೇಲೆ ಹನಿ ಹನಿಯಾಗಿ ರಾತ್ರಿಯೆಲ್ಲ ಬಂತು. 20 ಲೀಟರಿನ ಕ್ಯಾನ್ ಮೂರು ತುಂಬಿ ನಾಲ್ಕನೆಯದು ಅರ್ಧ ಆಯಿತು. 70 ಕೆಜಿ! ಯಾರ ಕಣ್ಣಿಗೂ ಬೀಳದೆ ಐದನೆಯವನೊಬ್ಬ ಇಷ್ಟು ದಿನ ಆ ದೋಣಿಯಲ್ಲಿ ಕೂತಿದ್ದ. ತಳದಲ್ಲಿ ಪಾಚಿ ಬೆರಳು ದಪ್ಪ ಕಟ್ಟಿತ್ತು. ತೆಂಗಿನ ನಾರಿನಲ್ಲಿ ತಿಕ್ಕಿ ತೆಗೆದೆವು.

ಪೆಟ್ರೋಲ್ ಟ್ಯಾಂಕ್, ಲಂಗರು, ಒದ್ದೆ ಹಗ್ಗ ಎಲ್ಲವನ್ನೂ ಹಿಂದಕ್ಕೆ ತುರುಕಿದ್ದರು. ಜನರೂ ಹಿಂದೆಯೇ ಕೂರುತ್ತಿದ್ದರು. ಎಲ್ಲವನ್ನೂ ಮುಂದಕ್ಕೆ ಸರಿಸಿದೆವು. ಎಂಜಿನ್ ಎಷ್ಟು ಓರೆ ನಿಲ್ಲಬೇಕು ಅನ್ನುವುದಕ್ಕೆ ಒಂದು ಪಿನ್ ಇರುತ್ತದೆ, ಅದು ಕೊನೆಯ ತೂತಿನಲ್ಲಿತ್ತು. ಹಾಗಿದ್ದರೆ ಫ್ಯಾನ್, ಅಂದರೆ ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್, ದೋಣಿಯ ಮೂತಿಯನ್ನು ಮೇಲಕ್ಕೇ ಎತ್ತುತ್ತದೆ. ಎರಡು ತೂತು ಒಳಗೆ ತಂದೆ.

ದೊಡ್ಡ ತಪ್ಪು ಎತ್ತರದ್ದು. ಎಂಜಿನ್ ಕೂರಿಸುವ ಹಿಂದಿನ ಹಲಗೆ 15 ಇಂಚು ಇದೆ, ತಂದು ಹಾಕಿದ್ದು 20 ಇಂಚಿನ ಹಲಗೆಗೆ ಮಾಡಿದ ಉದ್ದ ಕಾಲಿನ ಎಂಜಿನ್. ಫ್ಯಾನಿನ ಮೇಲೆ ಒಂದು ಚಪ್ಪಟೆ ಪ್ಲೇಟ್ ಇರುತ್ತದೆ. ಅದು ದೋಣಿಯ ತಳದ ಮಟ್ಟಕ್ಕೆ ಇರಬೇಕು, ಅಥವಾ ಬೆರಳಗಲ ಮೇಲೆ. ಇಲ್ಲಿ ಸುಮಾರು ಐದು ಇಂಚು ಕೆಳಗಿತ್ತು. ಅಷ್ಟು ಉದ್ದದ ಲೋಹ ಸುಮ್ನೆ ನೀರನ್ನು ಸೀಳುತ್ತಾ ದೋಣಿಯನ್ನು ಹಿಂದಕ್ಕೆ ಹಿಡಿದೆಳೆಯುತ್ತಿತ್ತು. ತೇಗದ ಹಲಗೆ ಕೊಟ್ಟು ಎಂಜಿನ್ ಎತ್ತರಿಸಿದೆವು. ಎತ್ತರಿಸಿದ ಮೇಲೆ ತಣ್ಣಗಿಡುವ ನೀರಿನ ಧಾರೆ ಸರಿಯಾಗಿ ಬರುತ್ತಿದೆಯಾ, ತಿರುವಿನಲ್ಲಿ ಫ್ಯಾನ್ ಗಾಳಿ ಹಿಡಿಯುತ್ತದೆಯಾ ಅಂತ ನೋಡಲೇಬೇಕು, ನೋಡಿದೆವು.

ಅಂದು ಮೂರು ಜನ ಇದ್ದಾಗ ದೋಣಿ ಎದ್ದಿತು. ನಾಲ್ಕನೆಯವನು ಹತ್ತಿದರೆ ಮತ್ತೆ ಅದೇ ಕಥೆ.

ಉಳಿದದ್ದು ಫ್ಯಾನ್. ಇದೊಂದನ್ನು ಎಲ್ಲರೂ ಗಮನವಿಟ್ಟು ಓದಬೇಕು ಅಂತ ಕೇಳಿಕೊಳ್ಳುತ್ತೇನೆ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ, ಅಂದರೆ 2,700 ಅಡಿಯ ಹತ್ತಿರ. ಮೇಲೆ ಬಂದ ಹಾಗೆ ಗಾಳಿ ತೆಳುವಾಗುತ್ತದೆ. ಸಾವಿರ ಅಡಿಗೆ ನೂರಕ್ಕೆ ಮೂರು ಪಾಲು ಶಕ್ತಿ ಹೋಗುತ್ತದೆ ಅನ್ನುವುದು ಮೆಕ್ಯಾನಿಕ್‌ಗಳ ಲೆಕ್ಕ. ಮಲ್ಪೆಯ 25 ಎಚ್‌ಪಿ ಇಲ್ಲಿ 23 ಆಗುತ್ತದೆ. ಎಂಜಿನ್ ಜೊತೆ ಬಂದ ಫ್ಯಾನಿನ ಪಿಚ್ 13 ಇಂಚು. ಜಾರದೆ ತಿರುಗಿದರೆ ಒಂದು ಸುತ್ತಿಗೆ ಅಷ್ಟು ಮುಂದೆ ಹೋಗಬೇಕು ಅಂತ ಅದರ ಅರ್ಥ. ಭಾರ ಹೊತ್ತು ಏಳಬೇಕಾದ ದೋಣಿಗೆ ಅದು ಜಾಸ್ತಿ. ಲೋಡ್ ಗಾಡಿಯನ್ನು ನಾಲ್ಕನೇ ಗೇರಿನಲ್ಲಿ ನಂದಿಬೆಟ್ಟ ಹತ್ತಿಸಿದ ಹಾಗೆ. ಪ್ಲಗ್ ವೈರಿಗೆ ಪುಟ್ಟ ಮೀಟರ್ ಸುತ್ತಿ ನೋಡಿದೆ. ಈ ಎಂಜಿನ್ನಿನ ಪುಸ್ತಕದಲ್ಲಿ ಪೂರ್ತಿ ಕೊಟ್ಟಾಗ ನಿಮಿಷಕ್ಕೆ 5,000ದಿಂದ 6,000 ಸುತ್ತು ಬರಬೇಕು ಅಂತ ಇದೆ. ನಾಲ್ಕು ಜನರಿದ್ದಾಗ ಬರುತ್ತಿದ್ದದ್ದು 4,300. ಹೀಗೆ ಉಸಿರುಕಟ್ಟಿ ಓಡಿಸಿದರೆ ಎಂಜಿನ್ ಕೂಡ ಬೇಗ ಹಾಳಾಗುತ್ತದೆ.

ಮಲ್ಪೆಯ ಗೆಳೆಯನಿಗೆ ಫೋನ್ ಮಾಡಿದೆ. 11 ಇಂಚು ಪಿಚ್‌ನ ಹಳೆಯ ಫ್ಯಾನ್ ಒಂದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿ ಕಳಿಸಿದ. ಅಂಚಿನಲ್ಲಿದ್ದ ಸಣ್ಣ ಪೆಟ್ಟನ್ನು ಅರದಲ್ಲಿ ಉಜ್ಜಿ ಹಾಕಿದೆ. ಮುಂದಿನ ಭಾನುವಾರ ಅದೇ ದೋಣಿ, ಅದೇ ಎಂಜಿನ್, ಅದೇ ನಾಲ್ಕು ಜನ. ಮೂತಿ ಒಂದು ಕ್ಷಣ ಎದ್ದು ತಣ್ಣಗೆ ಕೆಳಗಿಳಿಯಿತು. ಎಂಜಿನ್ ಸದ್ದು ಬದಲಾಯಿತು. ಹಿಂದೆ ನೊರೆ ಕುದಿಯುತ್ತಿದ್ದ ಜಾಗದಲ್ಲಿ ನೀರು ಕತ್ತರಿಸಿದ ಹಾಗೆ ಬಿಟ್ಟುಕೊಂಡಿತು. ಮೀಟರಿನಲ್ಲಿ 5,200, ಮೊಬೈಲಿನಲ್ಲಿ ಗಂಟೆಗೆ 34 ಕಿ.ಮೀ. ಆಚೆ ದಡಕ್ಕೆ ಒಂದೂವರೆ ನಿಮಿಷ ಸಾಕಾಯಿತು. ‘ಅಣ್ಣಾ, ಈಗ ಎದುರಿಗೆ ಕಾಣುತ್ತೆ’ ಅಂತ ಹುಡುಗ ಕೂಗಿದ.

ಇಷ್ಟಾದ ಮೇಲೂ 40 ಎಚ್‌ಪಿ ಮಾತು ನಿಂತಿಲ್ಲ. ಆ ಎಂಜಿನ್ ಇನ್ನೂ ಭಾರ, ಆ ಭಾರವೆಲ್ಲ ಬೀಳುವುದು ಅದೇ ಹಿಂದಿನ ಹಲಗೆಯ ಮೇಲೆ. ಈ ದೋಣಿ ಎಷ್ಟು ಎಚ್‌ಪಿ ತಾಳುತ್ತದೆ ಅಂತ ತಯಾರಿಸಿದವರನ್ನು ಯಾರೂ ಕೇಳಿಲ್ಲ. ದಯವಿಟ್ಟು ಕೇಳಲಿ. ಜಿಲ್ಲೆಯಲ್ಲಿ ಇನ್ನು ಮುಂದೆ ಯಾವ ದೋಣಿ ಕೊಂಡರೂ ನಮ್ಮ ಕೆರೆಯಲ್ಲೇ, ಪೂರ್ತಿ ಜನ ಹತ್ತಿಸಿ ಓಡಿಸಿ ತೋರಿಸಿದ ಮೇಲೆ ಬಿಲ್ ಪಾಸ್ ಮಾಡಲಿ. ತಿಂಗಳಿಗೊಮ್ಮೆ ಬಿರಡೆ ತೆಗೆದು ನೀರು ಬಸಿಯಲಿ. ಜೊಂಡು ಸುತ್ತಿಕೊಂಡರೆ ಬಿಡಿಸುವುದಕ್ಕೆ ಒಂದು ಕುಡುಗೋಲು ದೋಣಿಯಲ್ಲಿರಲಿ. ನಡೆಸುವವರು ಎಂಜಿನ್ ಆಫ್ ಮಾಡುವ ಹಗ್ಗವನ್ನು ಕೈಗೆ ಕಟ್ಟಿಕೊಳ್ಳಲೇಬೇಕು. ನೀರಿನಲ್ಲಿರುವವರ ಹತ್ತಿರ ಬಂದಾಗ ಫ್ಯಾನ್ ನಿಂತಿರಬೇಕು.

ನಾನು ಕೊಟ್ಟಿರುವ ತೇಗದ ಹಲಗೆ ಸದ್ಯಕ್ಕೆ ಮಾತ್ರ. ಅದಕ್ಕೆ ತುಕ್ಕು ಹಿಡಿಯದ ಸ್ಟೀಲ್ ಬೋಲ್ಟ್ ನಾಲ್ಕು ಬೇಕು, ತೂತುಗಳಿಗೆ ನೀರು ಇಳಿಯದ ಹಾಗೆ ಮೇಣ ತುಂಬಬೇಕು. ಯಾವ ಭಾನುವಾರ ಕರೆದರೂ ಬರುತ್ತೇನೆ, ಕೂಲಿ ಬೇಡ. ಬೋಲ್ಟ್ ತರಿಸಿಟ್ಟರೆ ಸಾಕು, ಸ್ಪ್ಯಾನರ್ ನನ್ನ ಹತ್ತಿರ ಇದೆ.

ಇಂತಿ,
ಒಬ್ಬ ಮೋಟಾರ್ ಮೆಕ್ಯಾನಿಕ್
ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ