ಮೊದಲ ಐದು ಕಿಲೋಮೀಟರ್: ದಯವಿಟ್ಟು ನಿಧಾನಕ್ಕೆ

ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಈ ಯುಗಾದಿ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಬ್ರಿಟನ್ನಿನ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋಗಿರುತ್ತವೆ. ಆಫೀಸಿನಿಂದ ಬಂದು ಕಾಫಿ ಕುಡಿದ ಮೇಲೂ ಹೊರಗೆ ಬೆಳಕಿರುತ್ತದೆ. 'ನಾಲ್ಕು ಗಂಟೆಗೇ ಕತ್ತಲು, ಇನ್ನೆಲ್ಲಿಯ ವ್ಯಾಯಾಮ' ಎಂಬ ನಮ್ಮೆಲ್ಲರ ಪ್ರೀತಿಯ ಸಬೂಬು ಇನ್ನು ಅಕ್ಟೋಬರ್ ಕೊನೆಯವರೆಗೆ ನಡೆಯುವುದಿಲ್ಲ. ಹಾಗಾಗಿ ಈ ಸಲ ಓಟದ ಮಾತು. ಮ್ಯಾರಥಾನ್ ಅಲ್ಲ, ಬರೀ ಐದು ಕಿಲೋಮೀಟರ್. ಅದೂ ಬಸ್ಸು ಹಿಡಿಯುವುದಕ್ಕೆ ಬಿಟ್ಟರೆ ಇನ್ಯಾವುದಕ್ಕೂ ಓಡದವರಿಗೆ.

ನಮ್ಮವರಿಗೆ ಓಡುವ ಶಕ್ತಿ ಇಲ್ಲ ಅಂತಲ್ಲ. ತೊಂದರೆ ಇರುವುದು ಬೇರೆ ಕಡೆ. ಯಾರಾದರೂ ಐದು ಕಿಲೋಮೀಟರ್ ಓಡಿದೆ ಅಂದರೆ ನಮ್ಮ ಮೊದಲ ಪ್ರಶ್ನೆ 'ಎಷ್ಟು ನಿಮಿಷ?'. ಪಿಯುಸಿಯಲ್ಲಿ ಎಷ್ಟು ಪರ್ಸೆಂಟ್ ಅಂತ ಕೇಳಿದ ಹಾಗೆ. ಈ ಭಯಕ್ಕೇ ಹೊಸಬರು ಮೊದಲ ದಿನ ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ಓಡುತ್ತಾರೆ. ಮೂರನೇ ದೀಪದ ಕಂಬದ ಹತ್ತಿರ ಪಕ್ಕೆ ಹಿಡಿದುಕೊಂಡು ನಿಲ್ಲುತ್ತಾರೆ. 'ಇದೆಲ್ಲ ನಮಗಲ್ಲ' ಎಂದು ಮನೆಗೆ ಬರುತ್ತಾರೆ. ಆಮೇಲೆ ಆ ಶೂ ಬರೀ ತೋಟದ ಕೆಲಸಕ್ಕೆ.

1996ರಲ್ಲಿ ಅಮೆರಿಕದ ಜಾಷ್ ಕ್ಲಾರ್ಕ್ ಎಂಬ ಯುವಕ, ಓಟದ ಅಭ್ಯಾಸವಿಲ್ಲದ ತನ್ನ ತಾಯಿಯಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ತಾಲೀಮಿನ ಒಂದು ಪಟ್ಟಿ ಬರೆದ. ಅದೇ 'ಕೌಚ್ ಟು 5ಕೆ', ಅಂದರೆ ಸೋಫಾದಿಂದ ಐದು ಕಿಲೋಮೀಟರಿಗೆ. ಈಗ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಅದನ್ನು ಉಚಿತ ಆ್ಯಪ್ ಮಾಡಿ ಕೊಟ್ಟಿದೆ. ಒಂಬತ್ತು ವಾರ, ವಾರಕ್ಕೆ ಮೂರು ದಿನ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆಯಬೇಕು. ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಅಷ್ಟೇ. ಕೇಳಿದರೆ ನಗು ಬರುತ್ತದೆ, ಅಲ್ವಾ? 60 ಸೆಕೆಂಡ್ ಎಷ್ಟು ಉದ್ದ ಅಂತ ಓಡಿದಾಗಲೇ ಗೊತ್ತಾಗುವುದು. ಕಿವಿಯಲ್ಲಿ ಹುರಿದುಂಬಿಸಲು ನಿಮಗೆ ಬೇಕಾದ ದನಿಯನ್ನು ಆರಿಸಿಕೊಳ್ಳಬಹುದು. ಆ ದನಿಗಳಲ್ಲಿ ಮೊದಲು ಮೈಕೆಲ್ ಜಾನ್ಸನ್‌ನದೂ ಇತ್ತು. ಅದೇ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 200 ಮತ್ತು 400 ಮೀಟರ್ ಎರಡರಲ್ಲೂ ಚಿನ್ನ ಗೆದ್ದವನು. 2018ರಲ್ಲಿ ಪಾರ್ಶ್ವವಾಯು ಹೊಡೆದು, ನಡೆಯುವುದನ್ನು ಮತ್ತೆ ಮೊದಲಿನಿಂದ ಕಲಿತವನು. 'ನಿಧಾನಕ್ಕೆ' ಅಂತ ಅವನು ಹೇಳಿದರೆ ಕೇಳಬಹುದು.

ಹೆದರಿಕೆ ಹುಟ್ಟಿಸುವ ಜಾಗ ಐದನೇ ವಾರ. ಮೊದಲ ದಿನ ಐದೈದು ನಿಮಿಷದ ಮೂರು ಓಟ, ಎರಡನೇ ದಿನ ಎಂಟೆಂಟು ನಿಮಿಷದ ಎರಡು. ಮೂರನೇ ದಿನ ನಡುವೆ ನಡಿಗೆಯೇ ಇಲ್ಲ, ಒಂದೇ ಸಮನೆ ಇಪ್ಪತ್ತು ನಿಮಿಷ! ಪಟ್ಟಿ ನೋಡಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಅಲ್ಲಿ ದಾಟಿಸುವುದು ನಿಧಾನ ಒಂದೇ. ಪರೀಕ್ಷೆ ಬಹಳ ಸುಲಭ: ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. 'ನಿನ್ನೆ ಮಾಡಿದ ಹುಳಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು' ಎಂದು ಉಸಿರುಗಟ್ಟದೆ ಹೇಳಲಾಗದಿದ್ದರೆ ನೀವು ಜೋರಾಗಿ ಓಡುತ್ತಿದ್ದೀರಿ. ವೇಗ ಇಳಿಸಿ. ಪಕ್ಕದಲ್ಲಿ ನಾಯಿ ಕರೆದುಕೊಂಡು ನಡೆಯುವ ಅಜ್ಜಿ ನಿಮ್ಮನ್ನು ದಾಟಿ ಹೋದರೆ ಹೋಗಲಿ ಬಿಡಿ.

ಸುಮ್ನೆ ಧೈರ್ಯ ತುಂಬಲು ಹೇಳುವ ಮಾತಲ್ಲ ಇದು. ಎದೆ ಮತ್ತು ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಮೂರನೇ ವಾರಕ್ಕೆ ಉಸಿರು ಹಗುರವಾಯಿತು ಅಂತ ದಿನಾ ಓಡಲು ಹೋದರೆ ಮೊಣಕಾಲ ಕೆಳಗಿನ ಮೂಳೆ ನೋಯಲು ಶುರು. ನಡುವಿನ ಬಿಡುವಿನ ದಿನವೂ ತಾಲೀಮಿನ ಭಾಗವೇ. ಇನ್ನೊಂದು ಮಾತು, ಬ್ಯಾಡ್ಮಿಂಟನ್ ಶೂ ಬೇಡ. ಅದನ್ನು ಅಕ್ಕಪಕ್ಕಕ್ಕೆ ಜಿಗಿಯಲು ಮಾಡಿರುತ್ತಾರೆ. ಓಟದ ಶೂ ಬೇರೆಯೇ. ಹೆಣ್ಣುಮಕ್ಕಳು ಶೂಗೆ ಕೊಡುವಷ್ಟೇ ಗಮನವನ್ನು ಒಳ್ಳೆಯ ಸ್ಪೋರ್ಟ್ಸ್ ಬ್ರಾಗೂ ಕೊಡಲಿ. ಇದನ್ನು ಸುದ್ದಿಪತ್ರದಲ್ಲಿ ಬರೆಯಬೇಕಾ ಅಂತ ಸಮಿತಿಯಲ್ಲಿ ಒಬ್ಬರು ಕೇಳಿದರು. ಬರೆಯಬೇಕು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ನಾವು ಸ್ವಲ್ಪ ಹೆಚ್ಚೇ ಎಚ್ಚರ ಇರಬೇಕಾದವರು. ಬೇರೆಯವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ದಾಟಿದರೆ ಎಚ್ಚರಿಕೆ, ದಕ್ಷಿಣ ಏಷ್ಯಾದವರಿಗೆ ಇಲ್ಲಿ ಆ ಗೆರೆ 23ಕ್ಕೇ. ಇಂಗ್ಲೆಂಡಿನಲ್ಲಿ 40ರಿಂದ 74ರ ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಎನ್‌ಎಚ್‌ಎಸ್ ಹೆಲ್ತ್ ಚೆಕ್ ಉಚಿತ. ಕರೆ ಬಂದರೆ ಹೋಗಿ. ಇನ್ಸುಲಿನ್ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು, ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ ಅನ್ನುವವರು ಜಿಪಿಯನ್ನು, ಅಂದರೆ ನಿಮ್ಮ ಮಾಮೂಲಿ ಡಾಕ್ಟರನ್ನು, ಕೇಳದೆ ಶುರು ಮಾಡಬೇಡಿ.

ಅಭ್ಯಾಸವಾಯಿತು, ಓಡುವುದೆಲ್ಲಿ? ಪಾರ್ಕ್‌ರನ್‌ನಲ್ಲಿ, ಅಂದರೆ ವಾರಕ್ಕೊಮ್ಮೆ ಪಾರ್ಕಿನಲ್ಲಿ ಎಲ್ಲರೂ ಸೇರಿ ಓಡುವ ಐದು ಕಿಲೋಮೀಟರಿನಲ್ಲಿ. ಈ ದೇಶ ನಮಗೆ ಕೊಟ್ಟ ಒಳ್ಳೆಯ ವಸ್ತುಗಳಲ್ಲಿ ಇದನ್ನು ನಾನು ಗ್ರಂಥಾಲಯದ ಪಕ್ಕದಲ್ಲೇ ಇಡುತ್ತೇನೆ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಟೆಡಿಂಗ್ಟನ್ ಹತ್ತಿರದ ಬುಷಿ ಪಾರ್ಕಿನಲ್ಲಿ 13 ಜನ ಓಡಿದರು. ಶುರು ಮಾಡಿದ ಪಾಲ್ ಸಿಂಟನ್-ಹ್ಯೂಯಿಟ್ ಅಂದು ಓಡಲಿಲ್ಲ. ಗಾಯವಾಗಿತ್ತು. ತಾನು ಓಡಲಾಗದಿದ್ದರೂ ಗೆಳೆಯರ ಮುಖ ನೋಡಬೇಕು ಅಂತ ಅವರನ್ನೆಲ್ಲ ಕರೆದಿದ್ದ. ಮುಗಿಸಿದವರಿಗೆ ಕೊಡಲು ನಂಬರ್ ಹಾಕಿದ ಕಬ್ಬಿಣದ ವಾಷರ್‌ಗಳು. ಈಗ ಬಾರ್‌ಕೋಡ್. ಉಳಿದದ್ದು ಹೆಚ್ಚೇನೂ ಬದಲಾಗಿಲ್ಲ. ಶುಲ್ಕವಿಲ್ಲ, ನಡೆಸುವವರೆಲ್ಲ ಸ್ವಯಂಸೇವಕರು, ಪ್ರತಿ ಶನಿವಾರ ಬೆಳಿಗ್ಗೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಒಂಬತ್ತಕ್ಕೆ, ಸ್ಕಾಟ್ಲೆಂಡಿನಲ್ಲಿ ಒಂಬತ್ತೂವರೆಗೆ.

ಹೊಸಬರಿಗೆ ಮುಖ್ಯವಾದ ವಿಷಯ ಒಂದಿದೆ. ಎಲ್ಲರಿಗಿಂತ ಕೊನೆಯಲ್ಲಿ ಬರುವ ಕೆಲಸಕ್ಕೆಂದೇ ಒಬ್ಬ ಸ್ವಯಂಸೇವಕ ಇರುತ್ತಾರೆ. ಟೇಲ್ ವಾಕರ್ ಅನ್ನುತ್ತಾರೆ. ಅಂದರೆ ನೀವು ಕೊನೆಯವರಾಗಲು ಸಾಧ್ಯವೇ ಇಲ್ಲ. ಪೂರ್ತಿ ನಡೆದೇ ಮುಗಿಸುವವರೂ ಇದ್ದಾರೆ. ಇದು ಬೇಕಾಗುತ್ತದೆ, ಏಕೆಂದರೆ ಹೆಸರಿನಲ್ಲಿ 5ಕೆ ಇದ್ದರೂ ಆ ಆ್ಯಪ್ ಮುಗಿಯುವುದು 30 ನಿಮಿಷದ ಓಟಕ್ಕೆ. ಹೊಸಬರ ವೇಗದಲ್ಲಿ ಅದು ನಾಲ್ಕು ಕಿಲೋಮೀಟರೂ ಆಗುವುದಿಲ್ಲ. ಉಳಿದದ್ದನ್ನು ನಡೆಯಿರಿ. ಹನ್ನೊಂದು ವರ್ಷದೊಳಗಿನ ಮಕ್ಕಳು ಬಂದರೆ ದೊಡ್ಡವರ ಕೈಗೆಟಕುವಷ್ಟು ಹತ್ತಿರದಲ್ಲೇ ಇರಬೇಕು. ಮಕ್ಕಳಿಗಾಗಿಯೇ ಭಾನುವಾರ ಎರಡು ಕಿಲೋಮೀಟರಿನ ಜೂನಿಯರ್ ಓಟ ಬೇರೆ ಇದೆ. ಬೇಸಿಗೆಗೆ ಊರಿನಿಂದ ಬಂದ ಅಪ್ಪ ಅಮ್ಮನಿಗೆ ಶನಿವಾರ ಬೆಳಿಗ್ಗೆ ಟಿವಿ ಮುಂದೆ ಕೂರುವುದಕ್ಕಿಂತ ಇಲ್ಲಿ ನಡೆಯುವುದು ಖಂಡಿತ ಮೇಲು. ಬಂದವರು ಮಾತಾಡಿಸುತ್ತಾರೆ. ವಾಕಿಂಗ್ ಅಂದರೆ ನಮ್ಮ ಹಿರಿಯರಿಗೆ ಅರ್ಧ ಮಾತೇ ತಾನೆ.

ಸಂಘದಿಂದ ಒಂದು ಗುಂಪು ಮಾಡೋಣ ಎಂದಿದ್ದೇವೆ. ಏಪ್ರಿಲ್ ಮೊದಲ ವಾರ ಶುರು ಮಾಡಿದರೆ ಜೂನ್ ಹೊತ್ತಿಗೆ ಒಂಬತ್ತು ವಾರ ಮುಗಿಯುತ್ತದೆ. ಲಂಡನ್ನಿನವರಿಗೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆಯ ಹತ್ತಿರ ಸೇರುವುದು ಅನುಕೂಲ. ಥೇಮ್ಸ್ ದಂಡೆಯ ದಾರಿ ಸಮತಟ್ಟಾಗಿದೆ. ಬೇರೆ ಊರಿನವರು ತಮ್ಮ ತಮ್ಮ ಪಾರ್ಕುಗಳಲ್ಲಿ ಸೇರಬಹುದು. ವಾಟ್ಸಾಪ್ ಗುಂಪಿಗೆ ಒಂದೇ ನಿಯಮ: ಯಾರೂ ತಮ್ಮ ಟೈಮಿಂಗ್ ಹಾಕುವಂತಿಲ್ಲ. ಓಡಿದೆ, ನಡೆದೆ, ಮಳೆ ಬಂತು, ಮಂಡಿ ನೋವು, ಇಷ್ಟು ಸಾಕು. ಮೊದಲ ಪಾರ್ಕ್‌ರನ್ ಆದ ಮೇಲೆ ತಿಂಡಿ ಇದೆ. ಇಡ್ಲಿಯೋ ಉಪ್ಪಿಟ್ಟೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಉಪ್ಪಿಟ್ಟಿನ ವಿರೋಧಿಗಳು ಸಮಿತಿಯಲ್ಲಿ ಬಲವಾಗಿದ್ದಾರೆ.