ಬರೀ ನೀರು ಸಾಲದು, ಉಪ್ಪೂ ಬೇಕು

ಸಂಪಾದಕರೇ,

ಬಿಸಿಲು ಏರಿದ ಕೂಡಲೇ ಎಲ್ಲರೂ ನೀರು ಜಾಸ್ತಿ ಕುಡಿಯಿರಿ ಅನ್ನುತ್ತಾರೆ, ಉಪ್ಪಿನ ಮಾತು ಎತ್ತುವವರೇ ಇಲ್ಲ. ಕಳೆದ ಏಪ್ರಿಲ್‌ನಲ್ಲಿ ತೋಟದ ಕೆರೆಯ ಹೂಳೆತ್ತುವಾಗ ನಾನೂ ಸುಮ್ನೆ ನೀರೇ ಕುಡಿದೆ. ಅಂಗಿಯ ಬೆನ್ನ ಮೇಲೆ ಬೆಳ್ಳಗೆ ಉಪ್ಪಿನ ಗೆರೆ ಎದ್ದಿತ್ತು, ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಸೆಟೆದು ತಲೆ ತಿರುಗಿತು. ಅಮ್ಮ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕೊಟ್ಟರು, ಸ್ವಲ್ಪ ಹೊತ್ತಿಗೆ ಎದ್ದು ಕೂತೆ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ ಅಲ್ವಾ? ಬರೀ ನೀರು ವಿಪರೀತ ಕುಡಿದರೆ ರಕ್ತದಲ್ಲಿ ಉಳಿದ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇನ್ನೂ ತೆಳುವಾಗುತ್ತದೆ.

ಭೇದಿಯಾದಾಗಲಂತೂ ಲೆಕ್ಕ ತಪ್ಪಬಾರದು. ಸಣ್ಣ ಕರುಳಿನಲ್ಲಿ ಗ್ಲೂಕೋಸ್ (ಸಕ್ಕರೆಯ ಅಂಶ) ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. 1971ರಲ್ಲಿ ಡಾ. ದಿಲೀಪ್ ಮಹಲನಬಿಸ್ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ರೋಗಿಗಳನ್ನು ಉಳಿಸಿದ್ದು ಇದೇ ಉಪ್ಪು-ಸಕ್ಕರೆ ನೀರಿನಿಂದ. ಮನೆಯಲ್ಲಾದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದಲ್ಲಿ ಮಟ್ಟ ಮಾಡಿ. ಕೆಲವರು 1 ಲೀಟರ್ ನೀರಿಗೆ ಹಾಕಬೇಕಾದ ಓಆರ್‌ಎಸ್ (ಭೇದಿಗೆ ಕೊಡುವ ಉಪ್ಪು-ಸಕ್ಕರೆ ಪುಡಿ) ಪ್ಯಾಕೆಟ್ಟನ್ನು ಒಂದೇ ಲೋಟದಲ್ಲಿ ಕರಗಿಸಿ ಮಗುವಿಗೆ ಕುಡಿಸುತ್ತಾರೆ, ಅದು ಅಪಾಯ. (ಬಿಪಿ ಇದ್ದವರು ಡಾಕ್ಟರನ್ನು ಕೇಳಿಯೇ ಉಪ್ಪು ಹೆಚ್ಚಿಸಲಿ.)

ಬೇಸಗೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನೀರು ಇಡುವವರು ಪಕ್ಕದಲ್ಲೇ ಉಪ್ಪು ಹಾಕಿದ ನೀರುಮಜ್ಜಿಗೆಯನ್ನೂ ಇಡಲಿ.

– ಒಬ್ಬ ಓದುಗ, ಬದಿಯಡ್ಕ