ನೆರವು ವಿದ್ಯಾರ್ಥಿಯ ಬಳಿಗೇ ಹೋಗಲಿ

ಮಾನ್ಯರೇ,

ಮೊದಲ ವರ್ಷದಲ್ಲೇ ವಿಶ್ವವಿದ್ಯಾಲಯ ಬಿಟ್ಟು ಹೋಗುವವರ ಮಾತು ಬಂದಾಗಲೆಲ್ಲ 'ಓದು ತಲೆಗೆ ಹತ್ತಲಿಲ್ಲ' ಎಂದು ಷರಾ ಬರೆದು ಕಡತ ಮುಚ್ಚುವುದು ರೂಢಿಯಾಗಿಬಿಟ್ಟಿದೆ. ಪದವಿ ತರಗತಿಗೆ ಪಾಠ ಮಾಡುವ ನಾನು ಇದನ್ನು ಒಪ್ಪಲಾರೆ. ಬಿಟ್ಟು ಹೋದವರಲ್ಲಿ ಚೆನ್ನಾಗಿ ಓದುತ್ತಿದ್ದವರೂ ಎಷ್ಟೋ ಮಂದಿ. ತಮ್ಮವರು ಅನ್ನಿಸುವ ಒಬ್ಬರೂ ಅವರಿಗೆ ಇಲ್ಲಿ ಸಿಕ್ಕಿರುವುದಿಲ್ಲ.

ಮನೆತನದಲ್ಲೇ ಮೊದಲ ಬಾರಿಗೆ ಪದವಿಗೆ ಬಂದ ಹುಡುಗಿಯನ್ನು ನೋಡಿ. ಪಾಠ ಅರ್ಥವಾಗದಿದ್ದರೆ ಅಧ್ಯಾಪಕರ ಕೊಠಡಿಗೆ ಹೋಗಿ ಕೇಳಬಹುದೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಬಾಗಿಲ ತನಕ ಬರುತ್ತಾಳೆ. ಒಳಗೆ ಇನ್ಯಾರೋ ಮಾತಾಡುವುದು ಕೇಳಿಸುತ್ತದೆ. ನೋಟ್‌ಬುಕ್ ಎದೆಗವಚಿಕೊಂಡು ಸ್ವಲ್ಪ ಹೊತ್ತು ನಿಂತು ವಾಪಸ್ ಹೋಗುತ್ತಾಳೆ. ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಪಕ್ಕದ ಹುಡುಗ 'ಪ್ರಶ್ನೆಪತ್ರಿಕೆ ಕಷ್ಟವಿತ್ತು' ಅಂದುಕೊಳ್ಳುತ್ತಾನೆ, ಇವಳು 'ನಾನು ಇಲ್ಲಿಗೆ ಬರಲೇಬಾರದಿತ್ತು' ಅಂದುಕೊಳ್ಳುತ್ತಾಳೆ. ಇಬ್ಬರ ಅಂಕವೂ ಅಷ್ಟೇ. ಆಮೇಲೆ ಒಂದೊಂದೇ ತರಗತಿ ತಪ್ಪುತ್ತದೆ, ಹಾಜರಾತಿ ಕುಸಿಯುತ್ತದೆ. ಕಚೇರಿಯ ಕಣ್ಣಿಗೆ ಅವಳು ಬೀಳುವುದು ಆಗಲೇ.

ಈ ಅನುಮಾನ ಎಲ್ಲರಿಗೂ ಬರುವಂಥದ್ದು, ಕ್ರಮೇಣ ಹೋಗುವಂಥದ್ದು ಎಂದು ಹಿರಿಯ ವಿದ್ಯಾರ್ಥಿಗಳ ಅನುಭವದ ಮೂಲಕ ತಿಳಿಸಿದರೆ ಏನಾಗುತ್ತದೆ? ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಅಮೆರಿಕದ ಕಾಲೇಜೊಂದರಲ್ಲಿ ಇದನ್ನು ಪರೀಕ್ಷಿಸಿ, 2011ರಲ್ಲಿ 'ಸೈನ್ಸ್' ನಿಯತಕಾಲಿಕದಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಒಂದು ಗಂಟೆಯ ಕೆಲಸ ಅದು. ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಅಂಕ ಏರಿ, ಬಿಳಿಯ ಸಹಪಾಠಿಗಳ ಜೊತೆಗಿನ ಅಂತರ ಅರ್ಧದಷ್ಟು ಇಳಿಯಿತು. ಅಧ್ಯಯನ ಚಿಕ್ಕದು, ನಿಜ. ಆದರೂ ಕಡೆಗಣಿಸುವಂಥದ್ದಲ್ಲ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಗಣಿತ ಬೋಧಕ ಯೂರಿ ಟ್ರೈಸ್‌ಮನ್ ಅವರ ಕೆಲಸ. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಏಕೆ ಅನುತ್ತೀರ್ಣರಾಗುತ್ತಾರೆಂದು ಕೇಳಿದಾಗ, ಆಸಕ್ತಿ ಸಾಲದು, ಮನೆಯ ಬೆಂಬಲವಿಲ್ಲ ಎಂದೆಲ್ಲ ಅಧ್ಯಾಪಕರು ಹೇಳಿದರಂತೆ. ಟ್ರೈಸ್‌ಮನ್ ವಿದ್ಯಾರ್ಥಿಗಳ ಜೊತೆಗೇ ಇದ್ದು ನೋಡಿದಾಗ ಕಂಡದ್ದೇ ಬೇರೆ. ಚೀನೀ ಮೂಲದವರು ಒಟ್ಟಿಗೆ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಕಷ್ಟಪಟ್ಟು, ಆದರೆ ಬಹುತೇಕ ಒಬ್ಬೊಬ್ಬರೇ ಓದುತ್ತಿದ್ದರು. ಇದನ್ನು ಕಂಡ ಟ್ರೈಸ್‌ಮನ್ ಗುಂಪು ಅಭ್ಯಾಸ ಶುರು ಮಾಡಿದರು. ಅಲ್ಲಿ ಕೊಟ್ಟ ಲೆಕ್ಕಗಳು ಇನ್ನೂ ಕಠಿಣವಾಗಿದ್ದವು. 'ಹಿಂದುಳಿದವರ ತರಗತಿ' ಎಂಬ ಹಣೆಪಟ್ಟಿ ಇರಲಿಲ್ಲ. ಬಂದವರ ಫಲಿತಾಂಶ ಗಣನೀಯವಾಗಿ ಸುಧಾರಿಸಿತು. ನಮ್ಮ ವಿಶೇಷ ತರಗತಿಗಳ ಬಾಗಿಲಿಗೆ 'ದುರ್ಬಲರಿಗಾಗಿ' ಎಂದು ಬರೆದು ಮಕ್ಕಳ ಮಾನ ಕಳೆಯುವವರು ಇದನ್ನು ದಯವಿಟ್ಟು ಗಮನಿಸಬೇಕು.

ಇಷ್ಟಾದರೂ ಪಯಣದ ದುಡ್ಡಿಗೇ ಪರದಾಡುವವರಿಗೆ ಬರೀ ಧೈರ್ಯದ ಮಾತು ಸಾಲದು. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಸಮುದಾಯ ಕಾಲೇಜುಗಳಲ್ಲಿ (ಎರಡು ವರ್ಷದ ಪದವಿ ನೀಡುವ ಕಾಲೇಜುಗಳು) ಆರಂಭಿಸಿದ 'ಅಸಾಪ್' ಯೋಜನೆ ಎಲ್ಲವನ್ನೂ ಒಟ್ಟಿಗೆ ಕೊಟ್ಟಿತು: ಕಡಿಮೆ ವಿದ್ಯಾರ್ಥಿಗಳ ಹೊಣೆ ಹೊತ್ತ ಸಲಹೆಗಾರರು, ಪಾಠ ಹೇಳಿಕೊಡುವವರು, ಪ್ರಯಾಣದ ಪಾಸು, ಪಠ್ಯಪುಸ್ತಕದ ನೆರವು. ಸಲಹೆಗಾರರನ್ನು ಆಗಾಗ ಭೇಟಿಯಾಗುವುದು ಕಡ್ಡಾಯ. ಲಾಟರಿ ಮಾದರಿಯಲ್ಲಿ ವಿದ್ಯಾರ್ಥಿಗಳನ್ನು ವಿಂಗಡಿಸಿ ನಡೆಸಿದ ಮೌಲ್ಯಮಾಪನದಲ್ಲಿ, ಯೋಜನೆಯಲ್ಲಿದ್ದವರಲ್ಲಿ ಶೇ 40ರಷ್ಟು ಮಂದಿ ಮೂರು ವರ್ಷದೊಳಗೆ ಪದವಿ ಮುಗಿಸಿದರು; ಉಳಿದವರಲ್ಲಿ ಶೇ 22ರಷ್ಟು. ಒಬ್ಬ ವಿದ್ಯಾರ್ಥಿಯ ಮೇಲೆ ಮಾಡುವ ಖರ್ಚು ಹೆಚ್ಚಿತು. ಆದರೆ ಪದವಿ ಪಡೆದವರ ಲೆಕ್ಕ ಹಿಡಿದರೆ ತಲಾ ವೆಚ್ಚ ತಗ್ಗಿತು.

ಹಾಗಾಗಿ ವಿಶ್ವವಿದ್ಯಾಲಯಗಳಲ್ಲಿ ನನ್ನ ವಿನಂತಿ ಇಷ್ಟು. ಮಾರ್ಗದರ್ಶಕರೊಬ್ಬರ ಹೆಸರಿಗೆ ನೂರಾರು ವಿದ್ಯಾರ್ಥಿಗಳನ್ನು ಬರೆದು ಕೈತೊಳೆದುಕೊಳ್ಳಬೇಡಿ. ಹೊಸಬರಿಗೆ ನೆರವಾಗುವ ಹಿರಿಯ ವಿದ್ಯಾರ್ಥಿಗಳಿಗೆ ಸಂಭಾವನೆ ಕೊಡಿ. ಗುಂಪು ಅಧ್ಯಯನಕ್ಕೆ ವೇಳಾಪಟ್ಟಿಯಲ್ಲೇ ಜಾಗ ಮಾಡಿ. ಸಂಜೆ ದುಡಿಯಲು ಹೋಗುವವರು ಆಗ ಮಾತ್ರ ಬಂದಾರು. ಮೊದಲ ಕಿರುಪರೀಕ್ಷೆಯ ಅಂಕ ಬಂದ ವಾರದಲ್ಲೇ ಹಿಂದೆ ಬಿದ್ದವರಿಗೆ ಒಂದು ಫೋನ್ ಕರೆ ಹೋಗಲಿ, ಹಾಜರಾತಿ ಕೊರತೆಯ ನೋಟಿಸ್ ಹೋಗುವುದಕ್ಕಿಂತ ಮುಂಚೆ.

– ಒಬ್ಬ ಅಧ್ಯಾಪಕಿ